ಮೊದಲ ಬೋರ್ಡು ಯಾವುದಿರಬೇಕು?

ಬಟ್ಟೆ ಒಗೆಯುವ ಯಂತ್ರ, ಗೋಡೆಯ ಮೇಲಿನ ವಿದ್ಯುತ್ ಮೀಟರು, ಹಾಲಿನ ಸಂಘದಲ್ಲಿ ಕೊಬ್ಬಿನ ಅಂಶವನ್ನು ಅಳೆಯುವ ಪೆಟ್ಟಿಗೆ - ಇವುಗಳ ಒಡಲಲ್ಲಿ ಇಂದು ಒಂದೊಂದು ಪುಟ್ಟ ಗಣಕಯಂತ್ರ ಹುದುಗಿರುತ್ತದೆ. ಜೀವಮಾನವಿಡೀ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತಿರುವುದೇ ಅದರ ಧರ್ಮ. ಲೆಕ್ಕ ಮಾಡುವ ಅಂಗ, ನೆನಪಿಟ್ಟುಕೊಳ್ಳುವ ಅಂಗ, ಹೊರಜಗತ್ತಿನೊಡನೆ ವ್ಯವಹರಿಸುವ ದ್ವಾರಗಳು, ಈ ಮೂರನ್ನೂ ಒಂದೇ ಸಿಲಿಕಾನ್ ಚೂರಿನ ಮೇಲೆ ಅಡಕಮಾಡಿದ ಈ ಸಾಧನಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು.

ಇಂಟೆಲ್ ಸಂಸ್ಥೆಯು ೧೯೮೦ರಲ್ಲಿ ಹೊರತಂದ ೮೦೫೧ ಎಂಬ ಮೈಕ್ರೋಕಂಟ್ರೋಲರ್ ಲೋಕಪ್ರಸಿದ್ಧವಾಯಿತು. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬಹುಕಾಲ ಅದರ ಮೇಲೆಯೇ ಪಾಠ ಕಲಿತರು. ಆದರೆ ಬರಿಯ ಚಿಪ್ಪನ್ನು ಕೈಯಲ್ಲಿ ಹಿಡಿದು ಕಲಿಯುವುದು ಸುಲಭವಲ್ಲ. ಅದಕ್ಕೆ ತಕ್ಕ ವಿದ್ಯುತ್ತು ಬೇಕು, ತಾಳ ಹಾಕುವ ಸ್ಫಟಿಕ ಬೇಕು, ಪ್ರೋಗ್ರಾಮನ್ನು ಒಳಕ್ಕೆ ಇಳಿಸುವ ಉಪಕರಣ ಬೇಕು. ಇವೆಲ್ಲವನ್ನೂ ಅಂಗೈಯಗಲದ ಹಲಗೆಯ ಮೇಲೆ ಜೋಡಿಸಿಟ್ಟರೆ ಅದೇ ಕಲಿಕೆಯ ಬೋರ್ಡು. ಇಟಲಿಯ ಇವ್ರಿಯಾ ಪಟ್ಟಣದಲ್ಲಿ ೨೦೦೫ರಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಬೋರ್ಡು, ಈ ವಿದ್ಯೆಯನ್ನು ಇಂಜಿನಿಯರುಗಳ ಪ್ರಯೋಗಶಾಲೆಯಿಂದ ಶಾಲಾಮಕ್ಕಳ ಮೇಜಿಗೆ ತಂದಿತು.

ಇಂದು ಇಂಥ ಬೋರ್ಡುಗಳು ಹತ್ತಾರು. ಇವುಗಳಲ್ಲಿ ಯಾವುದು ಉತ್ತಮವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಎತ್ತಿನ ಗಾಡಿ ಉತ್ತಮವೋ ಲಾರಿ ಉತ್ತಮವೋ ಎಂದು ಕೇಳಿದಂತೆ ಇದೂ ಅರ್ಧ ಪ್ರಶ್ನೆ. ಯಾವ ಕೆಲಸಕ್ಕೆ ಎಂಬ ಮಾತು ಸೇರಿದಾಗಲೇ ಅದು ಪೂರ್ಣವಾಗುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ಕೂಡಿಟ್ಟ ಹಣದಿಂದ ಕೊಳ್ಳುವುದು ಒಂದೇ ಬೋರ್ಡನ್ನು. ಅದು ಅರ್ಥವಾಗದೆ ಮೂಲೆ ಸೇರಿದರೆ ಹಣದೊಂದಿಗೆ ಕಲಿಯುವ ಉತ್ಸಾಹವೂ ಮೂಲೆ ಸೇರುವ ಭಯವಿದೆ. ಆದ್ದರಿಂದ ಒಂದು ನಿಜವಾದ ಕೆಲಸವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯಲ್ಲಿ ಒಂದು ಅಡಿಕೆ ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಪಂಪಿಗೆ ಮೂರು ಫೇಸಿನ ವಿದ್ಯುತ್ತು ದೊರೆಯುವುದು ದಿನದ ಕೆಲವು ಗಂಟೆಗಳು ಮಾತ್ರ, ಅದೂ ಹಲವು ವೇಳೆ ರಾತ್ರಿಯಲ್ಲಿ. ತೊಟ್ಟಿ ತುಂಬಿತೇ ಇಲ್ಲವೇ ಎಂದು ಮನೆಯ ಹಿರಿಯರು ಬ್ಯಾಟರಿ ಹಿಡಿದು ಕತ್ತಲಲ್ಲಿ ಹೋಗಿ ನೋಡಬೇಕು. ಆ ಮನೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ನೀರಿನ ಮಟ್ಟವನ್ನು ತಾನಾಗಿ ಅಳೆದು ತೋರಿಸುವ ಸಾಧನವನ್ನು ಮಾಡಬಯಸುತ್ತಾಳೆ. ಅವಳಿಗೆ ಯಾವ ಬೋರ್ಡು ಬೇಕು?

ಅಡಿಕೆ ತೋಟದ ಬಾವಲಿಯು ಕತ್ತಲಲ್ಲಿ ಬೇಟೆಯಾಡುವ ಉಪಾಯವೇ ಇಲ್ಲಿಯೂ ಒದಗುತ್ತದೆ. ಎಚ್.ಸಿ.-ಎಸ್.ಆರ್.೦೪ ಎಂಬ ಅಗ್ಗದ ಸೆನ್ಸರು ೪೦ ಕಿಲೋಹರ್ಟ್ಸ್ ಆವರ್ತದ, ಅಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ನೀರಿನ ಕಡೆಗೆ ಕಳುಹಿಸಿ, ಅದರ ಪ್ರತಿಧ್ವನಿಯನ್ನು ಆಲಿಸುತ್ತದೆ. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ೩೪೩ ಮೀಟರು. ಆದಕಾರಣ ಒಂದು ಸೆಂಟಿಮೀಟರು ದೂರವನ್ನು ಹೋಗಿ ಬರಲು ಶಬ್ದಕ್ಕೆ ಸುಮಾರು ೫೮ ಮೈಕ್ರೋಸೆಕೆಂಡು ಬೇಕು. ಈ ಅಲ್ಪ ಕಾಲವನ್ನು ಎಣಿಸುವುದಷ್ಟೇ ಬೋರ್ಡಿನ ಕೆಲಸ.

ಆರ್ಡುಯಿನೊ ಉನೊ ಬೋರ್ಡಿನ ಆರ್೩ ಮಾದರಿಯಲ್ಲಿರುವ ಎ.ಟಿ.ಮೆಗಾ ೩೨೮ಪಿ ಎಂಬ ೮ ಬಿಟ್ಟಿನ ಚಿಪ್ಪಿನ ಗಡಿಯಾರವು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಬಾರಿ ಮಿಡಿಯುತ್ತದೆ. ಮೇಲಿನ ೫೮ ಮೈಕ್ರೋಸೆಕೆಂಡಿನಲ್ಲಿ ಅದು ೯೨೮ ಬಾರಿ ಮಿಡಿದಿರುತ್ತದೆ. ಆರ್ಡುಯಿನೊದಲ್ಲಿ ಕಾಲವನ್ನು ತಿಳಿಯುವ ಸಾಮಾನ್ಯ ಆಜ್ಞೆಯು ೪ ಮೈಕ್ರೋಸೆಕೆಂಡುಗಳ ಹೆಜ್ಜೆಯಲ್ಲಿ ಎಣಿಸುತ್ತದೆ. ದೂರದ ಲೆಕ್ಕದಲ್ಲಿ ಇದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ತೊಟ್ಟಿಯ ನೀರನ್ನು ಅಳೆಯಲು ಇದು ಧಾರಾಳವಾಗಿ ಸಾಕು. ಇದಕ್ಕೆ ಹದಿನೈದು ಪಟ್ಟು ವೇಗದ ಬೋರ್ಡನ್ನು ತಂದರೂ ಶಬ್ದವೇನೂ ಅವಸರ ಮಾಡುವುದಿಲ್ಲ.

ತಪ್ಪು ನುಸುಳುವುದು ಬೇರೊಂದು ಕಡೆಯಿಂದ. ಗಾಳಿಯ ಉಷ್ಣತೆ ೩೦ ಡಿಗ್ರಿಗೆ ಏರಿದಾಗ ಶಬ್ದದ ವೇಗ ಸುಮಾರು ೩೪೯ ಮೀಟರಾಗುತ್ತದೆ. ಈ ವ್ಯತ್ಯಾಸವನ್ನು ಗಣಿಸದಿದ್ದರೆ ಒಂದು ಮೀಟರು ದೂರದಲ್ಲಿ ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ತಪ್ಪು ಬರುತ್ತದೆ. ಇದು ಗಡಿಯಾರದ ಹೆಜ್ಜೆಯಿಂದ ಬರುವ ತಪ್ಪಿನ ಇಪ್ಪತ್ತು ಪಟ್ಟಿಗೂ ಅಧಿಕ. ಆದುದರಿಂದ ಆ ವಿದ್ಯಾರ್ಥಿನಿಯು ತನ್ನ ಹಣವನ್ನು ವೇಗದ ಬೋರ್ಡಿಗೆ ಸುರಿಯುವ ಬದಲು ಎಲ್.ಎಂ.೩೫ ಎಂಬ ಉಷ್ಣತೆಯ ಸೆನ್ಸರನ್ನು ಕೊಳ್ಳುವುದು ಲೇಸು. ಅದು ಡಿಗ್ರಿಗೆ ೧೦ ಮಿಲಿವೋಲ್ಟಿನಂತೆ ಸಂಕೇತ ಕೊಡುತ್ತದೆ. ಉನೊ ಬೋರ್ಡು ೫ ವೋಲ್ಟನ್ನು ೧೦೨೪ ಭಾಗ ಮಾಡಿ ಅಳೆಯುವುದರಿಂದ ಅರ್ಧ ಡಿಗ್ರಿಯ ವ್ಯತ್ಯಾಸವೂ ತಿಳಿಯುತ್ತದೆ. ಯಾವ ಅಂಕಿ ಕೆಲಸಕ್ಕೆ ಮುಖ್ಯ, ಯಾವುದು ಬರಿಯ ಆಡಂಬರ ಎಂಬುದನ್ನು ಹೀಗೆ ಲೆಕ್ಕ ಹಾಕಿಯೇ ಅರಿಯಬೇಕು.

ಉನೊ ಹೊಸಬರಿಗೆ ತಕ್ಕುದೆನ್ನಲು ಇನ್ನೂ ಕಾರಣಗಳಿವೆ. ಅದು ೫ ವೋಲ್ಟಿನಲ್ಲಿ ನಡೆಯುವುದರಿಂದ ಮೇಲೆ ಹೇಳಿದ ಸೆನ್ಸರುಗಳನ್ನು ನೇರವಾಗಿ ಜೋಡಿಸಬಹುದು. ಅದರ ಕೆಲಸದ ಸ್ಮೃತಿ ೨ ಕಿಲೋಬೈಟು ಮಾತ್ರ. ಈ ಬಡತನವೂ ಕಲಿಯುವವನಿಗೆ ಒಂದು ಭಾಗ್ಯವೇ: ಹಾಸಿಗೆಯಿದ್ದಷ್ಟು ಕಾಲು ಚಾಚುವುದನ್ನು ಕಲಿಸುತ್ತದೆ. ಚಿಪ್ಪನ್ನು ಸಾಕೆಟ್ಟಿನಲ್ಲಿ ಕೂರಿಸಿದ ಬೋರ್ಡನ್ನೇ ಆರಿಸಿದರೆ, ಚಿಪ್ಪು ಸುಟ್ಟುಹೋದಾಗ ಅದೊಂದನ್ನೇ ಬದಲಿಸಬಹುದು. ೨೦೨೩ರಲ್ಲಿ ಬಂದ ಆರ್೪ ಮಾದರಿಯ ಚಿಪ್ಪು ಬೇರೆ. ಆರ್೩ರ ಪಿನ್ನಿನಿಂದ ೨೦ ಮಿಲಿಆಂಪಿಯರ್ ತೆಗೆಯಬಹುದಾದರೆ, ಆರ್೪ರ ಪಿನ್ನಿನ ಮಿತಿ ೮ ಮಿಲಿಆಂಪಿಯರ್ ಎಂಬುದನ್ನು ಮರೆಯಬಾರದು.

ಹಾಗಾದರೆ ಉಳಿದ ಬೋರ್ಡುಗಳು ವ್ಯರ್ಥವೇ? ಎಂದಿಗೂ ಅಲ್ಲ. ತೊಟ್ಟಿಯ ಸುದ್ದಿ ತಂತಿಯಿಲ್ಲದೆ ಮನೆಯೊಳಗಿನ ಮೊಬೈಲಿಗೆ ಬರಬೇಕೆಂದರೆ ಇ.ಎಸ್.ಪಿ.೩೨ ಬೋರ್ಡೇ ಯೋಗ್ಯ. ವೈಫೈ ಮತ್ತು ಬ್ಲೂಟೂತ್ ಅದರ ಚಿಪ್ಪಿನಲ್ಲಿಯೇ ಇವೆ. ಮನೆಯಲ್ಲಿ ಇಂಟರ್ನೆಟ್ಟು ಇಲ್ಲದಿದ್ದರೂ ಅದು ತಾನೇ ಒಂದು ಪುಟ್ಟ ವೈಫೈ ವಲಯವನ್ನು ನಿರ್ಮಿಸಿಕೊಳ್ಳಬಲ್ಲುದು. ಆದರೆ ಅದರ ಪಿನ್ನುಗಳು ೩.೩ ವೋಲ್ಟಿನವು. ಎಚ್.ಸಿ.-ಎಸ್.ಆರ್.೦೪ ಹಿಂದಿರುಗಿಸುವ ೫ ವೋಲ್ಟಿನ ಸಂಕೇತವನ್ನು ೧ ಮತ್ತು ೨ ಕಿಲೋಓಮಿನ ಎರಡು ರೋಧಕಗಳಿಂದ ಹಂಚಿ ಇಳಿಸಿಕೊಳ್ಳದಿದ್ದರೆ ಚಿಪ್ಪಿಗೆ ಅಪಾಯ ತಪ್ಪಿದ್ದಲ್ಲ. ಪೈಥಾನ್ ಭಾಷೆಯನ್ನು ಬಲ್ಲವರಿಗೆ ೨೦೨೧ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಒಳ್ಳೆಯ ಜೊತೆಗಾರ. ಅದರ ಸ್ಮೃತಿ ೨೬೪ ಕಿಲೋಬೈಟು. ಅದೂ ೩.೩ ವೋಲ್ಟಿನದೇ. ಕಿರಿಯ ಮಕ್ಕಳಿಗಾಗಿ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ೨೦೧೬ರಲ್ಲಿ ಶಾಲೆಗಳಿಗೆ ಹಂಚಿದ ಮೈಕ್ರೋಬಿಟ್ ಇದೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯೂ ವೇಗ ಸರಣಿಯ ತೇಜಸ್೩೨ ಚಿಪ್ಪನ್ನು ರೂಪಿಸಿ, ಅದನ್ನು ಹೊತ್ತ ಏರೀಸ್ ಬೋರ್ಡುಗಳನ್ನು ಹೊರತಂದಿರುವುದು ಸಂತೋಷದ ಸಂಗತಿ. ಎರಡನೆಯ ಬೋರ್ಡನ್ನು ಆರಿಸುವಾಗ ಇದನ್ನು ಅವಶ್ಯವಾಗಿ ಪರೀಕ್ಷಿಸಬೇಕು.

ವಿದ್ಯುತ್ತಿನ ಮೂಲವನ್ನೂ ಮೊದಲೇ ಯೋಚಿಸತಕ್ಕದ್ದು. ಉನೊ ಬೋರ್ಡು ಸುಮ್ಮನೆ ಕುಳಿತಾಗಲೂ ಸುಮಾರು ೫೦ ಮಿಲಿಆಂಪಿಯರ್ ಪ್ರವಾಹವನ್ನು ಹೀರುತ್ತದೆ. ೨೦೦೦ ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ೪೦ ಗಂಟೆಗಳಲ್ಲಿ, ಅಂದರೆ ಎರಡೇ ದಿನಗಳೊಳಗೆ ಬರಿದಾಗುತ್ತದೆ. ತೋಟದ ನಡುವೆ ತಿಂಗಳುಗಟ್ಟಲೆ ನಿಲ್ಲಬೇಕಾದ ಸಾಧನಕ್ಕೆ, ಗಾಢನಿದ್ರೆಗೆ ಹೋಗಿ ಆಗಾಗ ಎಚ್ಚರಗೊಳ್ಳುವ ಬೇರೊಂದು ಬೋರ್ಡನ್ನು ಹುಡುಕಬೇಕಾದೀತು.

ಕೊಳ್ಳುವಾಗ ಗಮನಿಸತಕ್ಕ ಕೆಲವು ಅಂಶಗಳುಂಟು. ಆರ್ಡುಯಿನೊದ ವಿನ್ಯಾಸ ಮುಕ್ತವಾದುದರಿಂದ ಇತರರು ತಯಾರಿಸಿದ ಅಗ್ಗದ ಬೋರ್ಡುಗಳೂ ದೊರೆಯುತ್ತವೆ. ಕಲಿಕೆಗೆ ಅವು ಸಾಕು. ಅವುಗಳಲ್ಲಿ ಅನೇಕಕ್ಕೆ ಸಿ.ಎಚ್.೩೪೦ ಎಂಬ ಸಂಪರ್ಕದ ಚಿಪ್ಪು ಇರುವುದರಿಂದ ಕೆಲವು ಕಂಪ್ಯೂಟರುಗಳಲ್ಲಿ ಅದರ ಡ್ರೈವರನ್ನು ಹಾಕಿಕೊಳ್ಳಬೇಕಾಗುತ್ತದೆ. ಮೊಬೈಲ್ ಚಾರ್ಜು ಮಾಡುವ ಕೆಲವು ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಅಂಥ ಕೇಬಲ್ಲಿನಲ್ಲಿ ದೀಪ ಬೆಳಗಿದರೂ ಪ್ರೋಗ್ರಾಮು ಇಳಿಯದು. ಬೋರ್ಡಿನ ಜೊತೆಗೆ ಬ್ರೆಡ್‌ಬೋರ್ಡು, ಕೆಲವು ರೋಧಕಗಳು ಮತ್ತು ಒಂದು ಸಾಧಾರಣ ಮಲ್ಟಿಮೀಟರು ಇರಲಿ.

ಮಟ್ಟ ತೋರಿಸುವ ಸಾಧನ ಸಿದ್ಧವಾದೊಡನೆ ಪಂಪನ್ನೂ ಅದರಿಂದಲೇ ನಿಲ್ಲಿಸುವ ಆಸೆ ಹುಟ್ಟುವುದು ಸಹಜ. ಇಲ್ಲಿ ಎಚ್ಚರ ಬೇಕು. ೫ ವೋಲ್ಟಿನ ಸಣ್ಣ ರಿಲೇ ಕೂಡ ಸುಮಾರು ೭೦ ಮಿಲಿಆಂಪಿಯರ್ ಬೇಡುತ್ತದೆ. ಬೋರ್ಡಿನ ಪಿನ್ನು ಅಷ್ಟನ್ನು ಕೊಡಲಾರದು, ನಡುವೆ ಟ್ರಾನ್ಸಿಸ್ಟರು ಇರಲೇಬೇಕು. ಪಂಪಿನ ಸ್ಟಾರ್ಟರಿನಲ್ಲಂತೂ ಪ್ರಾಣಾಪಾಯ ಮಾಡುವ ವೋಲ್ಟೇಜು ಇರುತ್ತದೆ. ಅದನ್ನು ತಿಳಿದ ಎಲೆಕ್ಟ್ರೀಷಿಯನ್ನರಿಗೆ ಬಿಟ್ಟು, ವಿದ್ಯಾರ್ಥಿಗಳು ದೀಪವನ್ನೋ ಗಂಟೆಯನ್ನೋ ಜೋಡಿಸಿ ತೃಪ್ತರಾಗುವುದು ವಿವೇಕ.

ಬೋರ್ಡು ಕೈಗೆ ಬಂದ ದಿನ ಮೊದಲು ಒಂದು ದೀಪವನ್ನು ಮಿನುಗಿಸಿ. ಬಳಿಕ ಬಕೆಟ್ಟಿನ ನೀರಿನ ಮಟ್ಟವನ್ನು ಅಳೆದು, ಅಡಿಕೋಲಿನ ಅಳತೆಯೊಡನೆ ಹೋಲಿಸಿ, ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡೂ ಹೊಂದದಿದ್ದಲ್ಲಿ ಕಾರಣವನ್ನು ಹುಡುಕಿ. ಎಷ್ಟು ಅಗ್ಗದ ಬೋರ್ಡಾದರೂ ಈ ಹುಡುಕಾಟಕ್ಕೆ ಅಡ್ಡಿ ಬರುವುದಿಲ್ಲ.