ಶ್ವಾಸಕೋಶದ ಕಾವಲು

2021ರ ಬೇಸಿಗೆಯಲ್ಲಿ ನನ್ನ ಸೋದರಮಾವನವರಿಗೆ ಕೋವಿಡ್ ಬಂದಿತು. ಜ್ವರ ಕಾಣಿಸಿದ ಮೊದಲ ದಿನವೇ, ಯಾರೋ ಹೇಳಿದರೆಂದು, ಸ್ಟೀರಾಯ್ಡ್ ಮಾತ್ರೆ ತರಿಸಿ ನುಂಗಿದರು. ಒಂಬತ್ತನೆಯ ದಿನ ಉಸಿರು ಸಾಲದೆ ಆಸ್ಪತ್ರೆ ಸೇರಿದಾಗ ವೈದ್ಯರು, “ಇದನ್ನು ಆಗಲೇ ಏಕೆ ನುಂಗಿದಿರಿ?” ಎಂದು ಗದರಿಸಿದರು, ಗದರಿಸಿ, ಅದೇ ಜಾತಿಯ ಔಷಧವನ್ನು ಸೂಜಿಯಲ್ಲಿ ಕೊಟ್ಟರು. ಮೊದಲ ದಿನ ತಪ್ಪಾದುದು ಒಂಬತ್ತನೆಯ ದಿನ ಸರಿಯಾದುದು ಹೇಗೆ? ನಾನು ಇತಿಹಾಸದ ವಿದ್ಯಾರ್ಥಿ. ಈ ಪ್ರಶ್ನೆಯ ಬೆನ್ನುಹತ್ತಿ ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನಮ್ಮ ಶ್ವಾಸಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಳಿಚೀಲಗಳು ಸುಮಾರು 30 ಕೋಟಿಗೂ ಮಿಕ್ಕಿವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಕೂದಲೆಳೆಗಿಂತ ಎಷ್ಟೋ ಪಾಲು ತೆಳು. ಆದುದರಿಂದಲೇ ಆಮ್ಲಜನಕ ಸುಲಭವಾಗಿ ದಾಟುತ್ತದೆ. ಆದುದರಿಂದಲೇ ಅಲ್ಲಿ ಕಾಳಗ ನಡೆದರೆ ಅಪಾಯವೂ ಹೆಚ್ಚು.

ಫ್ಲೂ ವೈರಸ್ಸು ಒಂದು ಜೀವಕೋಶವನ್ನು ಹೊಕ್ಕಿತೆನ್ನೋಣ. ಕಳ್ಳನು ಬಂದುದು ಕೋಶಕ್ಕೆ ತಿಳಿಯುವ ಬಗೆ ಸೊಗಸಾಗಿದೆ. ಪ್ರೋಟೀನು ತಯಾರಿಸಲು ನಮ್ಮ ಕೋಶಗಳು ಬಳಸುವ ಆರ್‌ಎನ್‌ಎ ಎಳೆಯ ತುದಿಗೆ ಒಂದು ಮುಚ್ಚಳವಿರುತ್ತದೆ. ವಿಜ್ಞಾನಿಗಳು ಅದನ್ನು ಟೋಪಿಯೆಂದೇ ಕರೆಯುತ್ತಾರೆ. ವೈರಸ್ಸಿನ ವಂಶವಾಹಿ ಆರ್‌ಎನ್‌ಎಯದು ಬೋಳುತಲೆ. ಕೋಶದೊಳಗಿನ ರಿಗ್-ಐ ಎಂಬ ಪ್ರೋಟೀನು ಆ ಬೋಳುತಲೆಯನ್ನು ಹಿಡಿದು ಕೂಗು ಹಾಕುತ್ತದೆ. ಇದು ಯಾವ ಲಸಿಕೆಯೂ ಕಲಿಸಿದ ವಿದ್ಯೆಯಲ್ಲ, ಹುಟ್ಟಿನೊಡನೆ ಬಂದುದು.

ಆ ಕೂಗಿನಿಂದ ಎರಡು ಬಗೆಯ ಅಪ್ಪಣೆಗಳು ಹೊರಡುತ್ತವೆ. ಮೊದಲನೆಯದು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬಿಬ್ಬರು ಇದನ್ನು ಕಂಡುಹಿಡಿದರು. ಕೋಳಿಮೊಟ್ಟೆಯೊಳಗಿನ ಪೊರೆಯ ತುಂಡುಗಳಿಗೆ ಅವರು ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಸೋಕಿಸಿದರು. ಆ ತುಂಡುಗಳು ಸ್ರವಿಸಿದ ಯಾವುದೋ ವಸ್ತು, ಬೇರೆ ತುಂಡುಗಳಲ್ಲಿ ಜೀವಂತ ವೈರಸ್ಸು ಬೆಳೆಯದಂತೆ ತಡೆಯಿತು. ಕೋಳಿಮೊಟ್ಟೆಯಿಂದ ಇಷ್ಟು ದೊಡ್ಡ ಸಂಗತಿ ಹೊರಬಿದ್ದುದು ನನಗೆ ಇಂದಿಗೂ ಬೆರಗು. ಇಂಟರ್‌ಫೆರಾನ್ ನೆರೆಯ ಕೋಶಗಳಿಗೆ, “ಬಾಗಿಲು ಭದ್ರಮಾಡಿಕೊಳ್ಳಿ” ಎಂದು ಸಾರುವ ಡಂಗುರ.

ಎರಡನೆಯ ಅಪ್ಪಣೆ ಉರಿಯೂತದ್ದು. ಇಂಟರ್‌ಲ್ಯೂಕಿನ್-6 ಮೊದಲಾದ ವಸ್ತುಗಳು ಬಿಳಿರಕ್ತಕಣಗಳ ದಂಡನ್ನು ಕರೆಯುತ್ತವೆ. ರಕ್ತನಾಳಗಳು ಸಡಿಲಗೊಂಡು ದಾರಿ ಬಿಡುತ್ತವೆ. ಜ್ವರ, ಮೈಕೈನೋವುಗಳು ಬಹುಮಟ್ಟಿಗೆ ಈ ಕರೆಯ ಫಲವೇ ಹೊರತು ವೈರಸ್ಸು ನೇರವಾಗಿ ಕೊಟ್ಟುವಲ್ಲ.

ಡಂಗುರ ಬೇಗ ಸಾರಿದರೆ ವೈರಸ್ಸು ಹೆಚ್ಚು ಬೆಳೆಯದು, ದಂಡು ಬೇಗ ಹಿಂದಿರುಗುವುದು. ಸಾರುವುದು ತಡವಾದರೆ? ಸಾರ್ಸ್ ವೈರಸ್ಸು ತಗುಲಿದ ಇಲಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತಡವಾಗಿ ಬಂದ ಇಂಟರ್‌ಫೆರಾನ್ ರಕ್ಷಿಸುವ ಬದಲು ಉರಿಯೂತವನ್ನೇ ಹೆಚ್ಚಿಸಿತು. ಮನುಷ್ಯರಲ್ಲಿಯೂ ಸುಳಿವು ಸಿಕ್ಕಿತು: 2020ರಲ್ಲಿ ಪ್ರಾಣಾಪಾಯದ ಕೋವಿಡ್‌ಗೆ ತುತ್ತಾದ 987 ರೋಗಿಗಳನ್ನು ಪರೀಕ್ಷಿಸಿದಾಗ, 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದುವು. ಡಂಗುರದವನ ಬಾಯನ್ನು ಊರವರೇ ಕಟ್ಟಿದಂತೆ! ಹೀಗಾದಾಗ ವೈರಸ್ಸು ಬೆಳೆಯುತ್ತಲೇ ಹೋಗುತ್ತದೆ, ದಂಡು ಬರುತ್ತಲೇ ಇರುತ್ತದೆ. ಸಡಿಲಗೊಂಡ ನಾಳಗಳಿಂದ ನೀರು ಒಸರಿ ಗಾಳಿಚೀಲಗಳನ್ನು ತುಂಬುತ್ತದೆ. ಆಗ ರೋಗಿ ಒಣನೆಲದ ಮೇಲೆ ಮಲಗಿದ್ದೂ ಮುಳುಗುತ್ತಿರುತ್ತಾನೆ.

ಈಗ ಮಾವನವರ ಔಷಧಕ್ಕೆ ಬರೋಣ. ಸ್ಟೀರಾಯ್ಡು ವೈರಸ್ಸನ್ನು ಕೊಲ್ಲುವುದಿಲ್ಲ. ಕಾವಲಿನ ಕೂಗನ್ನು ಅಡಗಿಸುತ್ತದೆ. ಮೊದಲ ದಿನಗಳಲ್ಲಿ ಆ ಕೂಗು ಬೇಕು. ದಂಡೇ ಮನೆಯನ್ನು ಹಾಳುಗೆಡಹುವಾಗ ಅದು ನಿಲ್ಲಬೇಕು. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯ ಫಲಿತಾಂಶ ಬಂದಿತು. ಡೆಕ್ಸಾಮೆಥಸೋನ್ ಕೊಟ್ಟುದರಿಂದ ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರರಲ್ಲೊಂದು ಪಾಲು, ಬರಿಯ ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದರಲ್ಲೊಂದು ಪಾಲು ಕಡಮೆಯಾಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಯಾವ ಲಾಭವೂ ಕಾಣಲಿಲ್ಲ.

ಮಾವನವರು ಗುಣವಾಗಿ ಮನೆಗೆ ಬಂದರು. ಮೊದಲ ದಿನದ ಮಾತ್ರೆಯೇ ಅವರನ್ನು ಆಸ್ಪತ್ರೆಗೆ ತಳ್ಳಿತೆಂದು ನಾನು ಹೇಳಲಾರೆ. ಒಬ್ಬರ ಕಥೆಯಿಂದ ಅಂಥ ನಿರ್ಣಯ ಸಲ್ಲದು. ಇನ್ನೊಮ್ಮೆ ಜ್ವರ ಬಂದರೆ ಇರಲೆಂದು ಅವರು ಕಪಾಟಿನಲ್ಲಿಟ್ಟಿದ್ದ ಉಳಿದ ಮಾತ್ರೆಗಳನ್ನು ಮಾತ್ರ ಅತ್ತೆ ಅದೇ ದಿನ ತೆಗೆದು ಎಸೆದರು.