ಪ್ರಸವಕಾಲದ ಪರಿಚರ್ಯೆ

ಹೆರಿಗೆಯ ಕೊಠಡಿಯ ಹೊರಗೆ ಕುಳಿತ ತಾಯಿಯೂ ಅತ್ತೆಯೂ ಗಳಿಗೆಗೊಮ್ಮೆ ದಾದಿಯನ್ನು ಕೇಳುವ ಪ್ರಶ್ನೆ ಒಂದೇ: "ಇನ್ನೂ ಎಷ್ಟು ಹೊತ್ತಮ್ಮಾ?" ಅನುಭವವುಳ್ಳ ದಾದಿಯು ಇದಕ್ಕೆ ಗಂಟೆಯ ಲೆಕ್ಕದಲ್ಲಿ ಉತ್ತರ ಕೊಡುವುದಿಲ್ಲ. "ಎಲ್ಲವೂ ಸರಿಯಾಗಿ ಸಾಗುತ್ತಿದೆ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ. ಮನೆಯವರಿಗೆ ಇದು ಔದಾಸೀನ್ಯವೆಂದು ತೋರುವುದುಂಟು. ಆದರೆ ಆ ಒಂದು ಮಾತನ್ನು ಹೇಳಬೇಕಾದರೆ ಆಕೆ ಏನೇನನ್ನು ನೋಡಿ, ಮುಟ್ಟಿ, ಆಲಿಸಿ, ಬರೆದಿಡಬೇಕಾಗುವುದೆಂಬುದನ್ನು ನಮ್ಮ ಗೃಹಿಣಿಯರು ತಿಳಿದಿರುವುದು ಉಚಿತ. ಪ್ರಸವದಲ್ಲಿ ಅಲಕ್ಷ್ಯದಿಂದ ಬರುವ ಅಪಾಯವನ್ನು ಎಲ್ಲರೂ ಬಲ್ಲರು; ಆತುರದಿಂದ ಬರುವ ಅಪಾಯವನ್ನು ಬಲ್ಲವರು ಕಡಿಮೆ.

ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರಾದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆಯೆಂದು ಅರಿಯುವ ವಿದ್ಯೆ ಅಂಥವರ ಬೆರಳ ತುದಿಯಲ್ಲಿರುತ್ತದೆ. ಆದರೆ ಕೈಯೊಳಗಿನ ವಿದ್ಯೆ ಆ ಕೈಯೊಡನೆಯೇ ಹೋಗುವುದು. ಆಸ್ಪತ್ರೆಯಲ್ಲಾದರೋ ಹಗಲಿನ ದಾದಿ ಹೋಗಿ ರಾತ್ರಿಯ ದಾದಿ ಬರುತ್ತಾಳೆ. ಮೊದಲಿನವಳು ಕಂಡುಕೊಂಡದ್ದು ಎರಡನೆಯವಳಿಗೆ ತಿಳಿಯಬೇಕಾದರೆ ಅದನ್ನು ಕಾಗದದ ಮೇಲೆ ಇಡಲೇಬೇಕು.

ಈ ಕಾಗದಕ್ಕೂ ಒಂದು ಚರಿತ್ರೆಯುಂಟು. ಬೇನೆಯ ಕಾಲದಲ್ಲಿ ಗರ್ಭಕೋಶದ ಬಾಯಿ ಗಂಟೆಗಂಟೆಗೆ ಎಷ್ಟು ತೆರೆಯುವುದೆಂಬುದನ್ನು 1954ರಲ್ಲಿ ಅಮೆರಿಕದ ಫ್ರೀಡ್‌ಮನ್ ಎಂಬ ವೈದ್ಯರು ನಕ್ಷೆಯಾಗಿ ಬರೆದು ತೋರಿಸಿದರು. 1972ರಲ್ಲಿ, ಆಗ ರೊಡೀಷಿಯಾ ಎನಿಸಿಕೊಂಡಿದ್ದ ಜಿಂಬಾಬ್ವೆಯಲ್ಲಿ, ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬವರು ಆ ನಕ್ಷೆಯ ಮೇಲೆ ಎರಡು ಗೆರೆಗಳನ್ನು ಎಳೆದರು. ದೂರದ ಹಳ್ಳಿಯಲ್ಲಿ ಒಂಟಿಯಾಗಿ ಹೆರಿಗೆ ಮಾಡಿಸುವ ದಾದಿಗೆ, ಬಸುರಿಯನ್ನು ದೊಡ್ಡ ಆಸ್ಪತ್ರೆಗೆ ಯಾವಾಗ ಕಳುಹಿಸಬೇಕೆಂಬುದನ್ನು ಮೊದಲನೆಯ ಗೆರೆ ಹೇಳುತ್ತಿತ್ತು. ಅದಕ್ಕೆ ನಾಲ್ಕು ಗಂಟೆ ಮುಂದಿನ ಎರಡನೆಯ ಗೆರೆ, ವೈದ್ಯರು ಕ್ರಮ ಕೈಕೊಳ್ಳತಕ್ಕ ಹೊತ್ತನ್ನು ಸೂಚಿಸುತ್ತಿತ್ತು. ಕೂಸು ಅಡ್ಡಗಟ್ಟಿ ದಿನಗಟ್ಟಲೆ ನರಳುವ ಹೆಂಗಸರ ಪಾಲಿಗೆ ಇದು ದೊಡ್ಡ ಉಪಕಾರವೇ ಸರಿ.

ಆದರೆ ಅದರೊಳಗಿದ್ದ ಗಂಟೆಗೊಂದು ಸೆಂಟಿಮೀಟರೆಂಬ ಲೆಕ್ಕವು ಕಾಲಕ್ರಮದಲ್ಲಿ ಚಾವಟಿಯಂತಾಯಿತು. ಕೂಸೂ ತಾಯಿಯೂ ಸುಖವಾಗಿರುವಾಗಲೂ ಗಡಿಯಾರವನ್ನು ನೋಡಿ ಬೇನೆಯೇರಿಸುವ ಔಷಧ ಕೊಡುವುದು, ಶಸ್ತ್ರಕ್ಕೆ ಕೈಹಾಕುವುದು ನಡೆಯತೊಡಗಿತು. ಗತಿ ನಿಧಾನವೆಂಬುದೊಂದೇ ಕಾರಣಕ್ಕಾಗಿ ಹೀಗೆ ಅವಸರಪಡಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸ್ಪಷ್ಟಪಡಿಸಿತು. ಬಾಯಿ 5 ಸೆಂಟಿಮೀಟರು ತೆರೆದ ಬಳಿಕವೇ ನಿಜವಾದ ಬೇನೆಯ ಕಾಲವೆಂದೂ, ಅಲ್ಲಿಂದ ಅದು ಪೂರ್ಣವಾಗಿ ತೆರೆಯಲು ಚೊಚ್ಚಲ ಹೆರಿಗೆಯಲ್ಲಿ 12 ಗಂಟೆ, ಮುಂದಿನವುಗಳಲ್ಲಿ 10 ಗಂಟೆ ಹಿಡಿದರೂ ಅಸಹಜವಲ್ಲವೆಂದೂ ಅದು ತಿಳಿಸಿದೆ.

2020ರಲ್ಲಿ ಆ ಸಂಸ್ಥೆ ಹೊರಡಿಸಿದ ಹೊಸ ಹಾಳೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿಯೊಂದಿದೆ. ಹೆಸರು ಮೊದಲಾದ ವಿವರಗಳಾದ ಮೇಲೆ, ಕೂಸಿನ ಎದೆಬಡಿತಕ್ಕಿಂತಲೂ ಮುಂಚೆ ದಾದಿಯು ತುಂಬತಕ್ಕ ಸಾಲು, ಹೆರುವವಳ ಬಳಿ ಜೊತೆಗಾರರು ಯಾರಾದರೂ ಇರುವರೇ ಎಂಬುದು! ಅನಂತರ ನೋವಿನ ಶಮನ, ಕುಡಿಯಲು ಕೊಟ್ಟದ್ದು, ಮಲಗಿದ ಅಥವಾ ನಡೆದಾಡುವ ಭಂಗಿ. ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ "ಇದಕ್ಕೂ ಪುಸ್ತಕ ಬೇಕಾಯಿತೇ?" ಎಂದು ನಗುತ್ತಿದ್ದರೋ ಏನೋ. ಆದರೆ ಒಂಟಿಯಾಗಿ ಅಂಜುತ್ತ ಮಲಗಿದವಳಿಗಿಂತ ಕೈ ಹಿಡಿದುಕೊಳ್ಳಲು ತನ್ನವರೊಬ್ಬರಿರುವವಳಿಗೆ ಶಸ್ತ್ರದ ನೆರವಿಲ್ಲದ ಹೆರಿಗೆ ಹೆಚ್ಚಾಗಿ ಆಗುವುದೆಂಬುದು ಪರೀಕ್ಷೆಗಳಿಂದ ಸಿದ್ಧವಾದ ಮಾತು. ಭಾರತ ಸರ್ಕಾರವು 2017ರಲ್ಲಿ ಪ್ರಾರಂಭಿಸಿದ "ಲಕ್ಷ್ಯ" ಯೋಜನೆಯೂ ಜೊತೆಗಾರರ ಇರವನ್ನು ಸಮ್ಮತಿಸುತ್ತದೆ. ಹೆರಿಗೆಗೆ ಸೇರಿಸುವ ಮೊದಲೇ ಈ ವಿಷಯವನ್ನು ಆಸ್ಪತ್ರೆಯವರಲ್ಲಿ ವಿಚಾರಿಸಿಕೊಳ್ಳಿರಿ.

ಇನ್ನು ದಾದಿಯ ದೈನಂದಿನ ಕಾರ್ಯ. ಬೇನೆ ಬಲಿತ ಮೇಲೆ ಅರ್ಧ ಗಂಟೆಗೊಮ್ಮೆ, ತಾಯಿ ಮುಕ್ಕುವ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ, ಆಕೆ ಕೂಸಿನ ಎದೆಬಡಿತವನ್ನು ಕೇಳಬೇಕು. ನಿಮಿಷಕ್ಕೆ 110ರಿಂದ 160ರ ಒಳಗೆ ಇದ್ದರೆ ಸಮ. ಬೇನೆ ಇಳಿದೊಡನೆ ಒಂದು ನಿಮಿಷ ಪೂರ್ತಿ ಕೇಳುವುದೇ ಇಲ್ಲಿನ ಮರ್ಮ. ದಣಿದ ಕೂಸಿನ ಬಡಿತವು ಬೇನೆ ಇಳಿದ ಮೇಲೂ ಚೇತರಿಸಿಕೊಳ್ಳದೆ ತಗ್ಗಿಯೇ ಇರುವುದು. ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷದಲ್ಲಿ ಎಷ್ಟು ಬೇನೆಗಳು ಬಂದವೆಂದು ಎಣಿಸುತ್ತಾಳೆ. ಐದಕ್ಕಿಂತ ಹೆಚ್ಚಾದರೆ ನಡುವೆ ಕೂಸಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವಿರದು. ಒಳಪರೀಕ್ಷೆಯು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು. ಅದು ಹೆಚ್ಚಿದಷ್ಟೂ ನಂಜಿನ ಭಯ ಹೆಚ್ಚು. "ಇನ್ನೊಮ್ಮೆ ನೋಡಿ ಹೇಳಿ" ಎಂದು ಮನೆಯವರು ಕಾಡುವುದು ತರವಲ್ಲ. ರಕ್ತದೊತ್ತಡವು 140ಕ್ಕೆ 90 ಮುಟ್ಟಿದರೆ, ತಲೆನೋವು, ಕಣ್ಣು ಮಂಜಾಗುವುದು ತೋರಿದರೆ, ಒಡೆದ ನೀರು ಹಸುರಾಗಿದ್ದರೆ, ವೈದ್ಯರನ್ನು ಕರೆಯತಕ್ಕದ್ದು. ಮನೆಯಲ್ಲಿರುವಾಗಲೇ ಇಂಥ ತಲೆನೋವು, ಹಸುರು ನೀರು ಅಥವಾ ರಕ್ತಸ್ರಾವ ಕಂಡರೆ ಬೇನೆಗಾಗಿ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಕೂಸು ಅತ್ತೊಡನೆ ಎಲ್ಲರ ಕಣ್ಣೂ ಅದರ ಕಡೆಗೆ ತಿರುಗುವುದು ಸಹಜ. ತಾಯಿಗೆ ಗಂಡಾಂತರದ ಹೊತ್ತು ಆಗಲೇ ಪ್ರಾರಂಭ. ಮಾಸು ಬಿದ್ದ ಮೇಲೆ ಗರ್ಭಕೋಶವು ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮೆತ್ತಗಿದ್ದರೆ ನೆತ್ತರು ನಿಲ್ಲದು. ಆದುದರಿಂದ ದಾದಿಯು ಮೊದಲಿನ ಎರಡು ಗಂಟೆಗಳ ಕಾಲ ಹದಿನೈದು ನಿಮಿಷಕ್ಕೊಮ್ಮೆ ಹೊಟ್ಟೆಯನ್ನು ಒತ್ತಿ ನೋಡಿ, ಸ್ರಾವವನ್ನು ಪರೀಕ್ಷಿಸಿ, ಬಾಣಂತಿಗೆ ಮೂತ್ರವಾಯಿತೇ ಎಂದು ಕೇಳುತ್ತಾಳೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಮುದುಡದು. ಬಟ್ಟೆಗೆ ಹೀರಿಹೋದ ನೆತ್ತರನ್ನು ಕಣ್ಣಳತೆಯಿಂದ ಎಣಿಸಿದರೆ ಅನುಭವಿಗಳೂ ಕಡಿಮೆಯೆಂದೇ ತಿಳಿಯುವರು. ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಅಳತೆಯ ಗೆರೆಗಳುಳ್ಳ ಹಾಳೆಯನ್ನು ಕೆಳಗೆ ಹಾಸಿ ನೆತ್ತರನ್ನು ಅಳೆದು, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ನಡೆಸಿದರು. ಘೋರವಾದ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಕ್ರಿಯೆ, ಮರಣಗಳು ಒಟ್ಟಿನಲ್ಲಿ ಶೇಕಡಾ 60ರಷ್ಟು ತಗ್ಗಿದವು.

ಅಂಥ ಹಾಳೆಯಿಲ್ಲದ ಕಡೆ ಜೊತೆಯಲ್ಲಿ ಕುಳಿತ ಹೆಂಗಸೇ ಎಚ್ಚರದಿಂದಿರಬೇಕು. ಬಾಣಂತಿಯು "ಮೈ ತಣ್ಣಗಾಗುತ್ತಿದೆ, ಕಣ್ಣು ಕತ್ತಲೆ" ಎಂದರೆ ಇನ್ನೊಂದು ಕಂಬಳಿ ಹೊದಿಸಿ ಸುಮ್ಮನಾಗದೆ, ಹೊದ್ದ ಕಂಬಳಿಯನ್ನು ಸರಿಸಿ ಅಡಿಯ ಬಟ್ಟೆಯನ್ನು ನೋಡಿ, ಆ ಕ್ಷಣವೇ ದಾದಿಯನ್ನು ಕೂಗಿರಿ.