ಹೊರಜಗತ್ತೇ ಗೊತ್ತಿಲ್ಲದ ಅಮೆಜಾನ್ ಬುಡಕಟ್ಟು: ಈ ಫಾರ್ವರ್ಡ್ ನಂಬಬಹುದೇ?

‘ಅಮೆಜಾನ್ ಕಾಡಿನಲ್ಲಿ ಇನ್ನೂ ಶಿಲಾಯುಗದಲ್ಲೇ ಬದುಕುತ್ತಿರುವ, ಹೊರಜಗತ್ತೇ ಗೊತ್ತಿಲ್ಲದ ಜನ!’ ಈ ಬಗೆಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಮುಖಕ್ಕೆ ಕೆಂಪು ಬಣ್ಣ ಬಳಿದು, ಉದ್ದನೆಯ ಊದುಗೊಳವೆ ಹಿಡಿದು ನಿಂತವರ ಫೋಟೊ. ಇದರಲ್ಲಿ ನಿಜ ಎಷ್ಟು ಎಂದು ತಿಳಿಯಲು ನಾವು ಈಕ್ವೆಡಾರ್ ದೇಶದ ಒರೆಲಾನಾ ಪ್ರಾಂತ್ಯವನ್ನು ನೋಡೋಣ.

ಒರೆಲಾನಾ ಇರುವುದು ಅಮೆಜಾನ್ ಮಳೆಕಾಡಿನಲ್ಲಿ. 1979ರಲ್ಲಿ ಘೋಷಣೆಯಾದ ಯಸುನಿ ರಾಷ್ಟ್ರೀಯ ಉದ್ಯಾನ ಈ ಪ್ರಾಂತ್ಯದಲ್ಲೂ ಪಕ್ಕದ ಪಸ್ತಾಸಾದಲ್ಲೂ ಹರಡಿದೆ. ವಿಸ್ತೀರ್ಣ ಸುಮಾರು 10 ಸಾವಿರ ಚದರ ಕಿಲೋಮೀಟರ್. ಇಲ್ಲಿ ಒಂದೇ ಹೆಕ್ಟೇರಿನಲ್ಲಿ, ಅಂದರೆ ಎರಡೂವರೆ ಎಕರೆಯಲ್ಲಿ, 600ಕ್ಕೂ ಹೆಚ್ಚು ಜಾತಿಯ ಮರಗಳಿವೆ.

ಮನುಷ್ಯರೂ ಇದ್ದಾರೆ. ನಾಪೋ ನದಿಯ ದಡದಲ್ಲಿ ಕಿಚ್ವಾ ಜನ, ಒಳಕಾಡಿನಲ್ಲಿ ವಾವೊರಾನಿ ಜನ. ವಾವೊರಾನಿ ಭಾಷೆಗೆ ಜಗತ್ತಿನ ಬೇರೆ ಯಾವ ಭಾಷೆಯೊಂದಿಗೂ ನಂಟು ಕಂಡುಬಂದಿಲ್ಲ. ಊದುಗೊಳವೆಯ ಫೋಟೊಗಳಲ್ಲಿ ಇವರೇ ಹೆಚ್ಚಾಗಿ ಕಾಣುತ್ತಾರೆ. ಆದರೆ 1958ರಿಂದಲೇ ಇವರಿಗೆ ಹೊರಗಿನವರ ಒಡನಾಟ ಇದೆ. 2019ರಲ್ಲಿ ಪಸ್ತಾಸಾದ ವಾವೊರಾನಿಗಳು ಸರ್ಕಾರದ ಮೇಲೆಯೇ ಕೇಸು ಹಾಕಿ, ತಮ್ಮ ಸುಮಾರು 5 ಲಕ್ಷ ಎಕರೆ ಕಾಡು ತೈಲ ಹರಾಜಿಗೆ ಹೋಗದಂತೆ ತಡೆದರು. ಶಿಲಾಯುಗ ಎಲ್ಲಿಂದ ಬಂತೋ!

ಹಾಗಾದರೆ ಯಾರ ಸಂಪರ್ಕಕ್ಕೂ ಸಿಗದ ಜನ ಇಲ್ಲವೇ? ಇದ್ದಾರೆ. ತಗೈರಿ ಮತ್ತು ತರೋಮೆನಾನೆ ಎಂಬ ಎರಡು ಗುಂಪುಗಳು ಇದೇ ಕಾಡಿನಲ್ಲಿವೆ. ಆದರೆ ‘ಹೊರಜಗತ್ತೇ ಗೊತ್ತಿಲ್ಲ’ ಎನ್ನುವ ಮಾತು ಇವರ ವಿಷಯದಲ್ಲೂ ತಪ್ಪು. ತಗೈರಿಗಳು ವಾವೊರಾನಿಗಳದ್ದೇ ಒಂದು ಕವಲು. 1960ರ ದಶಕದ ಕೊನೆಗೆ ಮಿಷನರಿಗಳು, ತೈಲ ಕಂಪನಿಗಳು ಬಂದಾಗ ಉಳಿದವರಂತೆ ಹೊಸ ವಸತಿಗೆ ಹೋಗಲು ಒಪ್ಪದೆ ಒಳಕಾಡಿಗೆ ಸರಿದರು. ಹೊರಗಿನವರನ್ನು ನೋಡಿಯೇ ‘ಬೇಡ’ ಎಂದವರು ಇವರು. ಕಾಗದಪತ್ರಗಳಲ್ಲಿ ಬಳಸುವ ‘ಸ್ವಯಂಪ್ರೇರಿತ ಪ್ರತ್ಯೇಕತೆ’ ಎಂಬ ಪದದ ಅರ್ಥವೂ ಅದೇ.

ಈ ವ್ಯತ್ಯಾಸ ಏಕೆ ಮುಖ್ಯ? ‘ಗೊತ್ತಿಲ್ಲದವರು’ ಎಂದಾಕ್ಷಣ ಯಾರೋ ಹೋಗಿ ತಿಳಿಸಬೇಕು, ವಿಡಿಯೊ ಮಾಡಬೇಕು ಎಂಬ ಆಸೆ ಹುಟ್ಟುತ್ತದೆ. ನಮಗೆ ನಾಲ್ಕು ದಿನದಲ್ಲಿ ವಾಸಿಯಾಗುವ ಫ್ಲೂ, ಅದನ್ನು ಎಂದೂ ಕಾಣದ ಇವರ ದೇಹಕ್ಕೆ ಮಾರಕವಾಗಬಹುದು. ದಡಾರವೂ ಅಷ್ಟೇ. ಅದಕ್ಕೇ 1999ರಲ್ಲಿ ಸರ್ಕಾರ ಇವರ ನೆಲೆಯನ್ನು ಯಾರೂ ಮುಟ್ಟಬಾರದ ವಲಯವೆಂದು ಘೋಷಿಸಿತು. ಆದರೂ ಸುತ್ತಮುತ್ತ ತೈಲ ತೆಗೆಯುವುದು, ಮರ ಕಡಿಯುವುದು ನಿಲ್ಲಲಿಲ್ಲ. 2003, 2006 ಮತ್ತು 2013ರಲ್ಲಿ ಈ ಗುಂಪುಗಳ ಮೇಲೆ ದಾಳಿ ನಡೆದು ಜನ ಸತ್ತರು.

2023ರ ಆಗಸ್ಟ್‌ನಲ್ಲಿ ಈಕ್ವೆಡಾರಿನ ಜನರ ಮುಂದೆ ಒಂದು ಪ್ರಶ್ನೆ ಇಡಲಾಯಿತು: ಯಸುನಿಯ ಒಂದು ದೊಡ್ಡ ನಿಕ್ಷೇಪದ ತೈಲವನ್ನು ನೆಲದೊಳಗೇ ಬಿಡೋಣವೇ? ಸುಮಾರು 59% ಜನ ಹೌದು ಎಂದರು. ಬಾವಿ ಮುಚ್ಚುವ ಕೆಲಸ ಮಾತ್ರ ಆಮೆವೇಗದಲ್ಲಿ ಸಾಗಿದೆ. ಮೇಲೆ ಹೇಳಿದ ದಾಳಿಗಳಿಂದ ಈ ಜನರನ್ನು ಕಾಪಾಡಲು ಸರ್ಕಾರ ಸೋತಿದೆ ಎಂದು ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಕೊಟ್ಟ ತೀರ್ಪು 2025ರ ಮಾರ್ಚ್‌ನಲ್ಲಿ ಹೊರಬಿತ್ತು.